ಸಿಗಡಿಗೆ ಹಾಕಿದ ಹೀರೇಕಾಯಿ

ಕೆಲವರಿಗೆ ಚಿಂತೆ ಮಾಡಲು ಕಾರಣ ಬೇಕು. ನನಗೆ ಬಿಡುವಿದ್ದರೆ ಸಾಕು. ಚಾಮರಾಜನಗರದ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಕಡತಗಳ ನಡುವೆ ಕೂತು, ಸಹಿ ಹಾಕಿದ ಮೇಲೆ "ಅಯ್ಯೋ" ಎನ್ನುವುದು ಅಭ್ಯಾಸವಾಗಿಬಿಟ್ಟಿದೆ. ಇಂಥವನಿಗೆ ಇಪ್ಪತ್ತಮೂರು ಜೀವಗಳನ್ನು ಒಪ್ಪಿಸಿ ಹೆಂಡತಿ ಗಿರಿಜೆ ಭಾನುವಾರ ಬೆಳಿಗ್ಗೆಯೇ ತವರೂರು ಭೀಮನಬೀಡಿಗೆ ಹೊರಟಳು ಎಂದರೆ ನನ್ನ ಪಾಡು ನೀವೇ ಊಹಿಸಿ.

ಜೀವಗಳೆಂದರೆ ಸಿಗಡಿಗಳು. ಗಾಬರಿಯಾಗಬೇಡಿ, ತಿನ್ನುವುದಕ್ಕಲ್ಲ, ಸಾಕುವುದಕ್ಕೆ. ಮೊಟ್ಟೆಯೂ ಹೊಸಲು ದಾಟದ ಮನೆ ನಮ್ಮದು. ಗುಂಡ್ಲುಪೇಟೆಯ ಅಂಗಡಿಯೊಂದರ ಗಾಜಿನ ತೊಟ್ಟಿಯಲ್ಲಿ ಈ ಪುಟ್ಟ ಕೆಂಪು ಪ್ರಾಣಿಗಳು ಪಾಚಿ ಕೆರೆದು ತಿನ್ನುವುದನ್ನು ಕಂಡು ಗಿರಿಜೆ ಮನಸೋತಿದ್ದಳು. "ಇವೂ ನಮ್ಮ ಹಾಗೆ ಸೊಪ್ಪು ತರಕಾರಿಯವೇ" ಎಂದು ಮನೆಗೆ ತಂದಳು. ಆದರೂ ನೆಂಟರ ಎದುರು ನಾವು ಸಿಗಡಿ ಎನ್ನುವುದಿಲ್ಲ. "ನೀರಿನಲ್ಲಿ ಏನೋ ಇವೆ" ಎನ್ನುತ್ತೇವೆ.

ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ತಾರಸಿಯ ಹೀರೇಕಾಯಿ ಎರಡು ಬಿಲ್ಲೆ ಬೇಯಿಸಿ ಹಾಕಿ. ಉಪ್ಪು ಬೇಡ. ರುಚಿಯಾಗಲಿ ಅಂತ ಒಗ್ಗರಣೆ ಗಿಗ್ಗರಣೆ ಹಾಕೀರಿ ಮತ್ತೆ!" ತಾರಸಿ ತೋಟ ನನ್ನದು. ಔಷಧಿ ಹೊಡೆಯದ ತರಕಾರಿ ಎಂದು ಇಡೀ ಕಚೇರಿಗೆ ಡಂಗುರ ಸಾರಿದ್ದೇನೆ. ಬೆಂದ ಬಿಲ್ಲೆ ತೊಟ್ಟಿಯ ತಳ ಸೇರಿದ್ದೇ ತಡ, ಇಪ್ಪತ್ತಮೂರೂ ಬಂದು ಮುತ್ತಿಕೊಂಡವು. ನಾನು ಬೆಳೆದದ್ದನ್ನು ಅಷ್ಟು ಆಸೆಯಿಂದ ಯಾರೂ ತಿಂದದ್ದಿಲ್ಲ. ಖುಷಿಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಮಾದೇವಣ್ಣ ಬೀದಿಯಿಂದ ಕೂಗಿದ. ಅವನ ತಾರಸಿಗೂ ನಮ್ಮದಕ್ಕೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. "ಸಾ, ನಿಮ್ ಈರೆ ಬಳ್ಳಿಗೆ ಉಳ ಬಿದ್ದಿತ್ತು. ನೆನ್ನೆ ನಾನೇ ಒಸಿ ಔಸ್ದಿ ಆಕ್ಬುಟ್ಟೆ ಕಣ್ ಸಾ!" ನಾನು ಚಪ್ಪಲಿ ಹುಡುಕಿ ಹೊರಗೆ ಓಡುವಷ್ಟರಲ್ಲಿ ಅವನು ತನ್ನೂರು ಉಮ್ಮತ್ತೂರಿನ ಬಸ್ಸು ಹತ್ತಿಯಾಗಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್.

ನಮ್ಮ ಕಡೆ ಔಷಧಿ ಎನ್ನುವುದು ವಿಚಿತ್ರ ಮಾತು. ಮನುಷ್ಯ ಕುಡಿದರೆ ಬದುಕಬೇಕು, ಗಿಡಕ್ಕೆ ಹೊಡೆದರೆ ಹುಳ ಸಾಯಬೇಕು. ಸಿಗಡಿ ಯಾರ ಪಕ್ಷ? ಕಾಲುಗಳನ್ನು ನೋಡಿದರೆ ಹುಳದ ಪಕ್ಷವೇ. ಬಿಲ್ಲೆಗಳನ್ನು ಎತ್ತಿ ಬಿಸಾಡಿದೆ. ಅರ್ಧ ನೀರು ಬದಲಿಸಿದೆ. ಎಣಿಸಿದೆ, ಇಪ್ಪತ್ತೆರಡು. ಮತ್ತೆ ಎಣಿಸಿದರೆ ಇಪ್ಪತ್ತು. ಮೂಲೆಯಲ್ಲಿ ಬಿಳುಚಿಕೊಂಡ ಒಂದು ದೇಹ ಕಂಡು ಕಣ್ಣಲ್ಲಿ ನೀರೇ ಬಂತು. ಚಮಚದಲ್ಲಿ ಎತ್ತಿದರೆ ಟೊಳ್ಳು. ಹಾವು ಪೊರೆ ಬಿಡುವ ಹಾಗೆ ಸಿಗಡಿ ಕಳಚಿಟ್ಟ ಬರೀ ಸಿಪ್ಪೆ. ಮಧ್ಯಾಹ್ನ ಅನ್ನ ಸೇರಲಿಲ್ಲ. ಗಿರಿಜೆಗೆ ಏನೆಂದು ಹೇಳಲಿ ಎಂದು ಮೂರು ಬಗೆಯಲ್ಲಿ ಮಾತು ಜೋಡಿಸಿಕೊಂಡೆ. ಮೂರರಲ್ಲೂ ತಪ್ಪು ನನ್ನದೇ ಆಗುತ್ತಿತ್ತು.

ನಾಲ್ಕು ಗಂಟೆಗೆ ಮಾದೇವಣ್ಣನೇ ಫೋನ್ ಮಾಡಿದ. "ಚಾರ್ಜ್ ಇರ್ನಿಲ್ಲ ಸಾ. ಯಾವ್ ಔಸ್ದಿನಾ? ಅಯ್, ಮಾದಪ್ಪನ ದೂಳ್ತ ಕಣ್ ಸಾ! ಬೆಟ್ಟದಿಂದ ತಂದಿದ್ದೆ. ನಮ್ಮವ್ವ ಮಗೀಗೆ ಜರ ಬಂದ್ರೂ ಅದ್ನೇ ಇಕ್ಕದು, ಎಮ್ಮೆ ಮೇವ್ ಬುಟ್ರೂ ಅದ್ನೇ ಇಕ್ಕದು. ಬಳ್ಳಿಗೇನ್ ಬ್ಯಾರೆ ತರಕಾದದಾ?"

ದೇವರ ವಿಭೂತಿ! ಓಡಿಹೋಗಿ ಮತ್ತೊಮ್ಮೆ ಎಣಿಸಿದೆ. ತೊಟ್ಟಿಯಲ್ಲಿ ಇಪ್ಪತ್ತಮೂರೂ ಓಡಾಡುತ್ತಿದ್ದವು. ಗೆದ್ದವನ ಉತ್ಸಾಹದಲ್ಲಿ ತಕ್ಷಣ ಗಿರಿಜೆಗೆ ಫೋನ್ ಮಾಡಿ, ಬೆಳಗಿನಿಂದ ನಾನು ಪಟ್ಟ ಸಂಕಟವನ್ನೆಲ್ಲ ಒಂದೂ ಬಿಡದೆ ಬಣ್ಣಿಸಿದೆ.

"ಬೆಳಿಗ್ಗೆ ನನ್ನ ಚೀಲಕ್ಕೆ ನಾಲ್ಕು ಹೀರೇಕಾಯಿ ತುಂಬಿದ್ರಲ್ಲ, ಅದೂ ಅದೇ ಬಳ್ಳೀದಲ್ವಾ?" ಎಂದಳು. "ಅಮ್ಮ ಮಧ್ಯಾಹ್ನವೇ ಪಲ್ಯ ಮಾಡಿ ಎರಡು ಸಲ ಹಾಕಿಸ್ಕೊಂಡ್ರು. ವಿಷ ಅಂತ ಇಷ್ಟು ಹೊತ್ತು ಹೆದರಿಕೊಂಡು ಕೂತಿದ್ರಲ್ಲ, ಅಮ್ಮನ ನೆನಪು ಬರಲಿಲ್ವಾ?"

ನೆನಪೇ ಬರಲಿಲ್ಲ ಎಂದರೆ ಒಂದು ತಪ್ಪು; ನೆನಪು ಬಂದರೂ ಫೋನ್ ಮಾಡಲಿಲ್ಲ ಎಂದರೆ ಇನ್ನೊಂದು. ಎರಡರಲ್ಲಿ ಯಾವುದು ಸಣ್ಣದು ಎಂದು ಲೆಕ್ಕ ಹಾಕುತ್ತ ನಾನು ಸುಮ್ಮನಿದ್ದೆ. ಅದನ್ನೇ ಉತ್ತರವೆಂದುಕೊಂಡು ಅವಳು ಫೋನಿಟ್ಟಳು.