ಹಸಿರು ಅಂಗಿಯೊಳಗೆ ಮಾಯವಾದ ಮಾಸ್ತರ

ನನಗೆ ಸಿಟ್ಟು ಬರುವುದಿಲ್ಲ. ಈ ವಾಕ್ಯವನ್ನು ಹಲ್ಲು ಕಚ್ಚಿಕೊಂಡೇ ಬರೆದಿದ್ದೇನೆ.

ಸಾಂಬ್ರಾಣಿ ಎಂಬ ಊರಿನ ಕಡೆಯ ಒಂದು ಶಾಲೆಯಲ್ಲಿ ನಾನು ಮಾಸ್ತರ. ಒಂದನೇ ತರಗತಿಯ ರೋಜಿ ವರ್ಷವಿಡೀ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಹೆಂಡತಿ ಶಾಂತಾ ಹೊಲಿದುಕೊಟ್ಟ ಕೈಗೊಂಬೆ ಮಂಗಣ್ಣ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದಳು. ಮಂಗಣ್ಣ "ಒಂದು" ಎಂದರೆ ಇವಳು "ಎರಡು" ಎನ್ನುತ್ತಿದ್ದಳು. ಈಗ ಬೇಸಿಗೆ ರಜೆ. ಎರಡು ತಿಂಗಳು ಅವಳಿಗೆ ಜೊಯಿಡಾ ಕಾಡಿನೊಳಗಿನ ಅಜ್ಜಿಯ ಊರು. ಅಲ್ಲಿ ಆ ಬಾಯಿಗೆ ಮತ್ತೆ ಬೀಗ ಬಿದ್ದರೆ?

"ಆ ಮಂಗ್ಯಾನ್ನ ಅಕಿ ಕೈಯಾಗ ಕೊಟ್ಟ ಕಳಸ್ರಿ, ಮುಗೀತು" ಎಂದಳು ಶಾಂತಾ.

"ಇದು ತಂತ್ರಜ್ಞಾನದ ಕಾಲ!" ಎಂದೆ ನಾನು, ಗಂಭೀರವಾಗಿ.

ಕಾಳಿ ನದಿಯ ದಂಡೆಯಲ್ಲಿ ನಿಂತು ಮಂಗಣ್ಣ ಹತ್ತು ಮೊಸಳೆ ಎಣಿಸುವ ವಿಡಿಯೋ ಮಾಡುತ್ತೇನೆ, ಭಾನುವಾರ ನಾಲ್ಕರ ಬಸ್ಸಿಗೆ ಮುಂಚೆ ನಿನ್ನ ಫೋನಿಗೆ ಬರುತ್ತದೆ ಎಂದು ರೋಜಿಯ ಅಪ್ಪ ಬಸ್ತ್ಯಾಂವನಿಗೆ ಮಾತು ಕೊಟ್ಟೆ. ಆ ಊರಲ್ಲಿ ನೆಟ್‌ವರ್ಕ್ ಇಲ್ಲ. ಬಸ್ಸು ಹೋದರೆ ಹೋಯಿತು.

ವಿಧಾನ ಬಹಳ ಸುಲಭ. ಹಸಿರು ಬಟ್ಟೆಯ ಮುಂದೆ ಗೊಂಬೆ ಆಡಿಸಬೇಕು. ಕಂಪ್ಯೂಟರು ಹಸಿರನ್ನೆಲ್ಲ ಅಳಿಸಿ ಆ ಜಾಗದಲ್ಲಿ ನದಿಯ ಚಿತ್ರ ಕೂರಿಸುತ್ತದೆ. ಗೊಂಬೆ ಆಡಿಸುವ ಕೈಗೂ ಹಸಿರು ತೋಳು ತೊಟ್ಟರೆ ಕೈಯೂ ಮಾಯ! ಮೂರು ಮೀಟರ್ ಹಸಿರು ಬಟ್ಟೆ ತಂದು ಓಣಿಯ ಟೇಲರನಿಗೆ ಕೊಟ್ಟು, ಒಂದು ತೋಳು ಮಾತ್ರ ಹೊಲಿದು ಉಳಿದದ್ದನ್ನು ಗೋಡೆಗೆ ಕಟ್ಟಲು ವಾಪಸ್ ಕೊಡು ಎಂದೆ.

ಭಾನುವಾರ ಬೆಳಿಗ್ಗೆ ಹೋದರೆ ಅವನು ಒಂದು ತುಂಬುತೋಳಿನ ಅಂಗಿ ಹಿಡಿದು ನಗುತ್ತ ನಿಂತಿದ್ದ.

"ಒಂದ ತೋಳು ಹೊಲಿದ್ರ ಮಂದಿ ಏನಂತಾರ್ರಿ ಮಾಸ್ತರ? ಟೇಲರ್‌ಗೆ ತಲಿ ಕೆಟ್ಟೈತಿ ಅಂತಾರ. ನಿಮ್ಮ ಅಳತಿ ನನ್ನ ಕಡೆ ಇತ್ತು, ಪೂರಾ ಅಂಗಿನ ಹೊಲಿದೆ."

"ಉಳಿದ ಬಟ್ಟಿ ಎಲ್ಲೈತೋ?"

"ಎರಡು ಕಿಸೆ ಇಟ್ಟೇನ್ರಿ. ಮ್ಯಾಲ ಒಂದು ಚೀಲಾನೂ ಹೊಲಿದೇನಿ, ಸಂತಿಗೆ ಆಗ್ತೈತಿ!"

ನನಗೆ ಸಿಟ್ಟು ಬರಲಿಲ್ಲ. ಹೊರಗೆ ಬರುತ್ತ ಅವನ ಅಂಗಡಿಯ ಬಾಗಿಲನ್ನು ಮಾತ್ರ ಸ್ವಲ್ಪ ಜೋರಾಗಿ ಹಾಕಿದೆ. ಅದರ ಚಿಲಕ ಕೈಗೇ ಬಂತು.

ಮನೆಯಲ್ಲಿ ಬೇರೆ ಹಸಿರು ಎಂದರೆ ಶಾಂತಾಳ ಕುಬಸದ ಇಳಕಲ್ ಸೀರೆ. ಮಗಳು ಹೊಟ್ಟೆಯಲ್ಲಿದ್ದಾಗ ಸೀಮಂತಕ್ಕೆ ತವರಿನವರು ಉಡಿಸಿದ್ದು. ಅವಳು ಹಿತ್ತಲಲ್ಲಿದ್ದಾಗ ಟ್ರಂಕಿನಿಂದ ತೆಗೆದು ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದೆ.

"ನನ್ನ ಕುಬಸದ ಸೀರಿ! ಮೊಳಿ ಹೊಡದ್ರ ನೋಡ್ರಿ, ಆ ಮೊಳೀಗೆ ನಿಮ್ಮನ್ನ ತೂಗಹಾಕ್ತೇನಿ!"

ಒಪ್ಪಂದವಾಯಿತು: ಮೊಳೆ ಇಲ್ಲ, ಹಗ್ಗಕ್ಕೆ ಕ್ಲಿಪ್ಪು. ನಾನು ಆ ಅಂಗಿ ತೊಟ್ಟು ಮೇಜಿನ ಹಿಂದೆ ಮೊಣಕಾಲೂರಿ, ಮಂಗಣ್ಣನನ್ನು ಮೇಲೆತ್ತಿದೆ. ಶಾಂತಾ ಪಕ್ಕದಲ್ಲಿ ನಿಂತು ದನಿ ಕೊಟ್ಟಳು.

ಫೋನಿನ ಕ್ಯಾಮೆರಾ ಹಿಡಿದದ್ದನ್ನು ಕಂಪ್ಯೂಟರಿಗೆ ಹಾಕಿದೆ. ಆಹಾ, ಕಾಳಿ ನದಿ ಹರಿಯಿತು! ಆದರೆ ನದಿಯ ನಡುವೆ ಸೀರೆಯ ಕೆಂಪು ಅಂಚು ಹಗ್ಗ ಕಟ್ಟಿದಂತೆ ನಿಂತಿತ್ತು. ಕೆಂಪನ್ನೂ ಅಳಿಸೆಂದು ಆಜ್ಞಾಪಿಸಿದೆ. ಅಂಚು ಹೋಯಿತು. ಮಂಗಣ್ಣನ ಕೆಂಪು ಮುಖವೂ ಮೈಯೂ ಹೋದವು! ಒಂದು ಬಾಲ, ಎರಡು ಕಿವಿ "ಒಂದು... ಎರಡು..." ಎನ್ನುತ್ತಿದ್ದವು.

"ಅಂಚು ಹಿಂದಕ್ಕ ಮಡಚಿದ್ರ ಆಗ್ತಿತ್ತಲ್ರಿ" ಎಂದು ಶಾಂತಾ ಮಡಚಿಯೇ ಬಿಟ್ಟಳು. ಇಷ್ಟು ಸರಳ ಉಪಾಯವನ್ನು ಬೇರೆಯವರು ಹೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಎರಡನೇ ಸಲ ಶುರುವಾಯಿತು. ಮಂಗಣ್ಣ ಮೂರಕ್ಕೆ ಬಂದಾಗ ಶಾಂತಾಳಿಗೆ ನಗು ಉಕ್ಕಿತು. ಆಗ ಮಾತ್ರ ನನಗೆ ತಡೆಯಲಾಗಲಿಲ್ಲ. ಮಂಗಣ್ಣನನ್ನು ಎಸೆದು ಎದ್ದು ನಿಂತೆ. ಟೇಲರನಿಗೆ, ಇಳಕಲ್ಲಿಗೆ, ಕಂಪ್ಯೂಟರಿಗೆ, ಬಸ್ಸಿಗೆ, ಎಲ್ಲರಿಗೂ ಎರಡೂ ಕೈ ಎತ್ತಿ ಪ್ರತ್ಯೇಕ ಪ್ರತ್ಯೇಕವಾಗಿ ಬೈದೆ. ಕ್ಯಾಮೆರಾ ಬಂದ್ ಮಾಡಿರಲಿಲ್ಲ.

ಮೂರನೇ ಸಲ ಎಲ್ಲವೂ ಸರಿಯಾಯಿತು. ಅವಸರದಲ್ಲಿ ಎರಡನೇ ಸಲದ್ದು, ಮೂರನೇ ಸಲದ್ದು ಎರಡೂ ವಿಡಿಯೋಗಳಿಗೆ ಒಟ್ಟಿಗೇ ನದಿ ಕೂರಿಸಿದ್ದಾಯಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕಳಿಸಿ, ಗೆದ್ದವನಂತೆ ಚಹಾ ಕೇಳಿದೆ.

ಬಸ್ಸಿನಿಂದ ಫೋನು ಬಂತು.

"ಮಾಸ್ತರ, ನಿಮ್ಮ ವಿಡಿಯೋ ನೋಡಿ ಹುಡುಗಿ ನಕ್ಕೂ ನಕ್ಕೂ ಸಾಕಾತು" ಎಂದ ಬಸ್ತ್ಯಾಂವ.

"ನನ್ನ ವಿಡಿಯೋ? ಮಂಗಣ್ಣ ಇಲ್ಲೇನು?"

"ಮಂಗ್ಯಾ ಮೂರು ಎಣಿಸಿ ಹಾರಿಹೋತ್ರಿ. ಆಮ್ಯಾಲ ನೀವ ಅದೀರಿ! ಹೊಳಿ ಮ್ಯಾಲ ನಿಮ್ಮ ತಲಿ, ಎರಡು ಅಂಗೈ ಹಾರ್‍ಯಾಡಾಕತ್ತಾವು. ಮೈಯಿ ಇಲ್ಲ!"

ಅಂಗಿ! ಮೂರನೇ ಸಲದ್ದರ ಬದಲು ನಾನು ಬೈದ ವಿಡಿಯೋ ಹೋಗಿತ್ತು. ಸರಿಯಾದದ್ದನ್ನು ಕಳಿಸಲು ಕೈ ಚಾಚಿದೆ.

"ತಡೀರಿ, ಅಕಿ ಮಾತಾಡ್ತಾಳಂತ."

ವರ್ಷವಿಡೀ ಮಂಗಣ್ಣನೊಂದಿಗೆ ಮಾತ್ರ ಆಡಿದ ದನಿ ನೇರವಾಗಿ ನನ್ನ ಕಿವಿಗೆ ಬಂತು.

"ಸರ್, ತಲಿ ಒಂದು. ಕೈ ಎರಡು, ಮೂರು."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಶಾಬಾಸ್ ರೋಜಿ! ಮುಂದ?"

"ಮುಂದೇನ ಇಲ್ರಿ ಸರ್. ನೀವು ಅಷ್ಟ ಅದೀರಿ."

ಬಸ್ಸು ಕಾಡು ಹೊಕ್ಕಿರಬೇಕು, ಫೋನು ಕಡಿಯಿತು. ಶಾಂತಾ ಸೀರೆ ಮಡಚುತ್ತ ಮತ್ತೆ ನಗತೊಡಗಿದಳು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ. ಸಿಟ್ಟು, ಅಂಗಿ, ಎರಡು ಕಿಸೆ ಎಲ್ಲ ಕಳೆದು ನೋಡಿದರೆ, ನಾನು ಮೂರು!