ಅತ್ತೆಯ ಗಡಿಯಾರ ತಿದ್ದಿದವರು

ನಮ್ಮ ಯಜಮಾನರಂಥ ಸಮಯಪಾಲಕರು ಹಿಂದೂಪುರದಲ್ಲಿ ಇನ್ನೊಬ್ಬರಿಲ್ಲ. ಒಂದು ದಿನವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಎದ್ದು ಬಂದವರಲ್ಲ, ಅದು ಬೇರೆ ಮಾತು! ಆ ಬೆಳಿಗ್ಗೆಯೂ ಎಂದಿನಂತೆ ನಾನು ಹಾಲು ಉಕ್ಕದಂತೆ ಕಾಯುತ್ತಿದ್ದೆ, ಅವರು ಲ್ಯಾಪ್‌ಟಾಪ್ ಮುಂದೆ ಕೂತು ಗಡಿಯಾರಗಳನ್ನು ಕಾಯುತ್ತಿದ್ದರು. ಪಕ್ಕದಲ್ಲಿ ಕಾಫಿ ಆರಿ ಕೆನೆಗಟ್ಟಿತ್ತು.

ಅವರ ಉದ್ಯೋಗವೇ ಅದು. ಕಂಪನಿಯ ಸರ್ವರ್‌ಗಳು ಎರಡು ಬೇರೆ ಬೇರೆ ಕ್ಲೌಡ್‌ಗಳಲ್ಲಿ ಹರಡಿಕೊಂಡಿವೆ. ಎಲ್ಲವೂ ಒಂದೇ ಟೈಮು ತೋರಿಸಬೇಕು. ಇಲ್ಲದಿದ್ದರೆ ಪ್ರಶ್ನೆಗಿಂತ ಮೊದಲೇ ಉತ್ತರ ಬಂದಂತೆ ದಾಖಲಾಗುತ್ತದಂತೆ. ಇದೇನು ಮಹಾ? ನಾನು ಬಾಯಿ ತೆರೆಯುವ ಮೊದಲೇ "ಆಗಲ್ಲ" ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ!

ಏಳೂಕಾಲಿಗೆ ಕಲ್ಯಾಣದುರ್ಗದಿಂದ ಅತ್ತೆಯ ಫೋನು. ಆಪರೇಷನ್ ಆದ ಕಣ್ಣು ಎರಡು ದಿನದಿಂದ ಮಂಜಾಗಿತ್ತು. ಹಿಂದೂಪುರದ ಡಾಕ್ಟರು ಅವತ್ತು ಕೂರುವುದು ಮಧ್ಯಾಹ್ನ ಒಂದರವರೆಗೆ ಮಾತ್ರ. ಏಳರ ಬಸ್ಸು ತಪ್ಪಿಹೋಗಿತ್ತು.

"ಗಡಿಯಾರದಾಗೆ ಏಳಾದ ಕೂಡ್ಲೇ ಹೊಂಟೆ ಕಣಮ್ಮ. ಇಷ್ಟು ವರ್ಷದಾಗೆ ಒಂದು ದಿನಾನೂ ತಪ್ಪಿರ್ಲಿಲ್ಲ."

ಯಜಮಾನರ ಕಡೆ ನೋಡಿದೆ. ಕಿವಿ ಕೆಂಪಾಗಿತ್ತು. ಹಿಂದಿನ ಭಾನುವಾರ ಅಲ್ಲಿಗೆ ಹೋದಾಗ ನಡುಮನೆಯ ಗಡಿಯಾರ ಹತ್ತು ನಿಮಿಷ ಮುಂದಿದ್ದದ್ದು ಕಂಡು, ಯಾರಿಗೂ ಹೇಳದೆ ಸ್ಟೂಲು ಹತ್ತಿ ಸರಿಮಾಡಿ ಬಂದಿದ್ದರಂತೆ! ಸರ್ವರ್ ಗಡಿಯಾರ ತಪ್ಪಿದ್ದರೂ ಒಮ್ಮೆಲೇ ತಳ್ಳಬಾರದು, ಅದನ್ನು ನಂಬಿದ ಕೆಲಸಗಳೆಲ್ಲ ಮುಗ್ಗರಿಸುತ್ತವೆ, ನಿಧಾನವಾಗಿ ಹೊಂದಿಸಬೇಕು ಎಂದು ನಾನು ದೋಸೆ ಹುಯ್ಯುವಾಗಲೆಲ್ಲ ಪಾಠ ಹೇಳುವ ಮಹಾನುಭಾವರು ಇವರೇ. ಸರ್ವರ್‌ಗಳಿಗಿರುವ ಮರ್ಯಾದೆ ಹೆತ್ತ ತಾಯಿಗೆ ಬೇಡವೇ?

ಕಾರಿನ ಕೀ ಅವರ ಕೈಗಿಟ್ಟೆ.

ಅತ್ತೆ ಮುಂದಿನ ಬಸ್ಸಿನಲ್ಲಿ ಪೆನುಕೊಂಡದವರೆಗೆ ಬಂದರು; ಅಲ್ಲಿಂದ ಇವರು ಕರೆತಂದರು. ಡಾಕ್ಟರು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರಂತೆ. ಮತ್ತೆ ಕೂತು ನೋಡಿ, ಸೋಂಕು ಶುರುವಾಗಿದೆ, ಇವತ್ತೇ ಬಂದದ್ದಕ್ಕೆ ಕಣ್ಣು ಉಳಿಯಿತು ಎಂದರಂತೆ.

ಗಡಿಯಾರ ತಿದ್ದಿದ್ದನ್ನು ಇವರು ದಾರಿಯಲ್ಲೇ ಒಪ್ಪಿಕೊಂಡಿದ್ದರಂತೆ. ಊಟಕ್ಕೆ ಕೂತಾಗ ಅತ್ತೆ ಮಗನನ್ನು ಬೈಯಲೂ ಇಲ್ಲ.

"ಅದು ಕೆಟ್ಟಿರ್ಲಿಲ್ಲ ಕಣಪ್ಪ. ಒಂದ್ಸಲ ನಂಗೆ ಬಸ್ಸು ತಪ್ಪಿದ್ದಕ್ಕೆ ನಿಮ್ಮಪ್ಪನೇ ಮುಂದಿಟ್ಟಿದ್ರು. ಅವ್ರು ಹೋದ್ಮೇಲೂ ಅದೇ ನನ್ನನ್ನ ಹೊತ್ತಿಗೆ ಸರಿಯಾಗಿ ಹೊರಡಿಸ್ತಿತ್ತು."

ಇವರು ಊಟ ಮುಗಿಸಿ ಕೈ ತೊಳೆದವರೇ ಸ್ಟೂಲು ಹುಡುಕಲು ಹೋದರು.

ಸಂಜೆ ಪಕ್ಕದ ಮನೆಯಾಕೆ ಮೊಸರಿನ ಹೆಪ್ಪಿಗೆ ಬಟ್ಟಲು ಹಿಡಿದು ಬಂದಳು. ಹೋಗುವಾಗ ನಮ್ಮ ನಡುಮನೆಯ ಗೋಡೆಯತ್ತ ಕಣ್ಣುಹಾಯಿಸಿ ಅಂದಳು:

"ಏಮಮ್ಮಾ, ನಿಮ್ಮನೆ ಗಡಿಯಾರ ಹತ್ತು ನಿಮಿಷ ಮುಂದೈತಲ್ಲ, ನಿಮ್ಮ ಸಾರ್ ನೋಡ್ಕಂಡಿಲ್ವಾ?"