ಬೇಕಾಗಿದ್ದಾರೆ: ಅಲ್ಪಸಂಖ್ಯಾತರು

ನಮ್ಮ ಗಣರಾಜ್ಯದಲ್ಲಿ ಅಲ್ಪಸಂಖ್ಯಾತರಿಲ್ಲ ಎಂಬುದು ಐವತ್ತು ವರ್ಷಗಳಿಂದ ಸರ್ಕಾರದ ಖಚಿತ ನಿಲುವಾಗಿತ್ತು. ಆದ್ದರಿಂದ, ಅಲ್ಪಸಂಖ್ಯಾತರನ್ನು ಚೆನ್ನಾಗಿ ನೋಡಿಕೊಳ್ಳುವ ದೇಶಗಳಿಗೆ ಮಾತ್ರ ಸದಸ್ಯತ್ವ ಎಂದು ರಾಷ್ಟ್ರಗಳ ದೊಡ್ಡ ಒಕ್ಕೂಟದಿಂದ ಪತ್ರ ಬಂದಾಗ, ಮಂತ್ರಿಮಂಡಲವು ತುರ್ತು ಸಭೆ ಸೇರಿ, ಹಾಗಾದರೆ ಕೆಲವರನ್ನು ಹುಡುಕಿಸತಕ್ಕದ್ದು ಎಂದು ಒಮ್ಮತದಿಂದ ತೀರ್ಮಾನಿಸಿತು.

ಸಿಕ್ಕಿದ್ದು ಒಬ್ಬಳೇ. ಬೆಟ್ಟದ ಮೇಲೆ ಕುರಿ ಸಾಕಿ, ಚೀಸ್ ಮಾಡಿಕೊಂಡಿದ್ದ, ವ್ಲಾಖ್ ಎಂಬ ಸಣ್ಣ ಜನಾಂಗದ ಮುದುಕಿ ದೇಸ್ಪಾ.

ಸ್ಪಾಸೆ ಎಂಬ ಅಧಿಕಾರಿ ಕಾರಿನಲ್ಲಿ ಬಂದಿಳಿದಾಗ ಅವಳು ಬಾಗಿಲನ್ನು ಅರ್ಧವೇ ತೆರೆದಳು. ಹಿಂದೊಮ್ಮೆ ಇಂಥದೇ ಕಾರು ಬಂದು ಅವಳ ಗಂಡನ ಗೋರಿಕಲ್ಲನ್ನು ಕಿತ್ತೊಯ್ದಿತ್ತು. ಅಸ್ತಿತ್ವದಲ್ಲಿಲ್ಲದ ಭಾಷೆಯಲ್ಲಿ ಎರಡು ಸಾಲು ಕೆತ್ತಿಸಿದ್ದು ಅವಳ ಅಪರಾಧ.

"ಅಜ್ಜಿ, ನೀವು ವ್ಲಾಖರಾ?"

"ಅಯ್ಯೋ, ಇಲ್ಲಪ್ಪ!"

"ಹೆದರ್ಬೇಡಿ. ಈಗ ಆಗಬಹುದು."

"ಯಾವತ್ತಿಂದ?"

"ಮೊನ್ನೆ ಸೋಮವಾರದಿಂದ."

ದೇಸ್ಪಾ ಅವನನ್ನು ಒಳಗೆ ಕರೆದು ಕಾಫಿ ಕೊಟ್ಟಳು. ನಿಯಮದ ಪ್ರಕಾರ ಮಾನ್ಯತೆಯ ಅರ್ಜಿಯನ್ನು ಅಲ್ಪಸಂಖ್ಯಾತರ ಭಾಷೆಯಲ್ಲೇ ತುಂಬಬೇಕು, ಸರ್ಕಾರಿ ಭಾಷಾಂತರಕಾರರು ಅನುವಾದಿಸಬೇಕು, ಸಮುದಾಯದ ಪ್ರತಿನಿಧಿ ದೃಢೀಕರಿಸಬೇಕು. ಮೂರಕ್ಕೂ ದೇಸ್ಪಾಳನ್ನೇ ನೇಮಿಸಲಾಯಿತು. ಪ್ರತಿನಿಧಿಯಾಗಿ ಅವಳು ಅನುವಾದದಲ್ಲಿ ಎರಡು ತಪ್ಪು ಹಿಡಿದು ವಾಪಸು ಕಳಿಸಿದಳು.

ಸಹಿ ಮಾತ್ರ ಹಾಕಲಿಲ್ಲ.

"ನಮ್ಮ ಯಜಮಾನರ ಕಲ್ಲು ಬರ್ಲಿ. ಅಲ್ಲೀತನಕ ನಾನು ಬಹುಸಂಖ್ಯಾತಳೇ."

"ಅಜ್ಜೀ, ಗುರುವಾರ ಒಕ್ಕೂಟದೋರು ಬರ್ತಾರೆ! ನನ್ನ ಕೆಲಸ ಹೋಗುತ್ತೆ!"

"ಹೋಗ್ಲಿ ಬಿಡು. ಕುರಿ ಕಾಯೋಕೆ ಜನ ಬೇಕು ನಂಗೆ."

ಇಡೀ ಇಲಾಖೆ ಹುಡುಕಿತು. ಕಲ್ಲು ಸ್ಪಾಸೆಯ ಕಚೇರಿಯಲ್ಲೇ ಇತ್ತು, ಹೊಸ್ತಿಲಿನ ಮೆಟ್ಟಿಲಾಗಿ. ಹನ್ನೊಂದು ವರ್ಷ ಅವನು ಅದನ್ನು ತುಳಿದೇ ಒಳಗೆ ಹೋಗಿದ್ದ. ಅದನ್ನು ಕಿತ್ತು ಬೆಟ್ಟಕ್ಕೆ ತಂದಾಗ ದೇಸ್ಪಾ ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿ, ಗಂಡನ ಹೆಸರು ಸಿಕ್ಕಲ್ಲಿ ಸ್ವಲ್ಪ ಹೊತ್ತು ತಡೆದಳು. ಆಮೇಲೆ ಸಹಿ ಹಾಕಿದಳು.

ಗುರುವಾರ ಒಕ್ಕೂಟದ ವೀಕ್ಷಕಿ ಬಂದು ಕೇಳಿದರು: "ಸರ್ಕಾರ ನಿಮ್ಮನ್ನು ಹೇಗೆ ನೋಡ್ಕೊಳ್ತಿದೆ?"

ದೇಸ್ಪಾ ತನ್ನ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದಳು. ಶಾಲೆಯಲ್ಲಿ ತಿಂದ ಬೆತ್ತದೇಟು, ಬದಲಾಯಿಸಿದ ಹೆಸರು, ಊರು ಬಿಟ್ಟು ಹೋದ ನಂಟರು, ಕಲ್ಲು, ಒಂದನ್ನೂ ಬಿಡಲಿಲ್ಲ. ಇಷ್ಟು ಹೊತ್ತು ಆ ಭಾಷೆಯಲ್ಲಿ ಮಾತಾಡದೆ ಎಷ್ಟೋ ವರ್ಷವಾಗಿತ್ತು; ಎದೆ ಹಗುರಾಯಿತು. ನಂತರ ಭಾಷಾಂತರಕಾರರ ಕುರ್ಚಿಗೆ ಬಂದು ಕುಳಿತಳು. ಸ್ಪಾಸೆ ಬೆವರುತ್ತಿದ್ದ.

"ಈಗ ಪರವಾಗಿಲ್ಲ ಅಂತಿದ್ದಾಳೆ," ಎಂದಳು.

ವೀಕ್ಷಕಿ ಕಣ್ಣೊರೆಸಿಕೊಂಡು ಬರೆದುಕೊಂಡರು. ಸದಸ್ಯತ್ವ ದೊರೆಯಿತು.

ಮರುವರ್ಷ ಪಕ್ಕದ ಗಣರಾಜ್ಯವೂ ಅರ್ಜಿ ಹಾಕಿತು. ಅವರಲ್ಲಿ ಒಬ್ಬರೂ ಉಳಿದಿರಲಿಲ್ಲವಾಗಿ, ಹದಿನೈದು ದಿನಗಳ ಮಟ್ಟಿಗೆ ದೇಸ್ಪಾಳನ್ನು ಎರವಲು ಕೋರಿ ವಿನಯದಿಂದ ಪತ್ರ ಬರೆದರು. ಒಕ್ಕೂಟ ಇದನ್ನು ನೆರೆಹೊರೆಯ ಸೌಹಾರ್ದವೆಂದು ಶ್ಲಾಘಿಸಿತು.

"ಆ ಕಡೆಯೂ ನಮ್ಮೋರು ಬೇಕಾದಷ್ಟು ಜನ ಇದ್ರಲ್ಲಪ್ಪ, ಅವರೆಲ್ಲ ಏನಾದ್ರು?" ದೇಸ್ಪಾ ಕೇಳಿದಳು.

ಸ್ಪಾಸೆ ಪತ್ರವನ್ನು ತಿರುಗಿಸಿ ನೋಡಿದ. "ಅದಕ್ಕೆ ಕಾಲಂ ಇಲ್ಲ ಅಜ್ಜಿ."

ಅವಳು ಉಣ್ಣೆಯ ಶಾಲು ಹೊದ್ದು ಕಾರು ಹತ್ತಿದಳು. ಗಡಿಯಲ್ಲಿ ಕಾವಲುಗಾರ ಕಿಟಕಿಯೊಳಗೆ ಬಗ್ಗಿ ನೋಡಿದ.

"ಎಷ್ಟು ಜನ?"

"ಒಂದು ಸಮುದಾಯ," ಎಂದ ಸ್ಪಾಸೆ.

ಕಾವಲುಗಾರ ಹಾಗೆಯೇ ಬರೆದುಕೊಂಡು, ಸೆಲ್ಯೂಟ್ ಹೊಡೆದು ಗೇಟು ಎತ್ತಿದ.